ಕೇಳೋ ಮುಂಚೆ ಆಸರೆ ಇರಲಿ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಪ್ರಾಜೆಕ್ಟಿಗೆ ಅಂತ ದಾವಣಗೆರೆಯಲ್ಲಿ ಕೂತು ಓದುತ್ತಿದ್ದೇನೆ. ಯುದ್ಧ, ನೆರೆ, ಭೂಕಂಪದಲ್ಲಿ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯೋದು ಹೇಗೆ ಅನ್ನೋದೇ ವಿಷಯ.

ಸುಡಾನ್‌ನ ಡಾರ್ಫರ್‌ನಲ್ಲಿ ಸೌದೆ ತರಲು ಶಿಬಿರದಿಂದ ಆಚೆ ಹೋದ ಹೆಂಗಸರ ಮೇಲೆ ಪದೇ ಪದೇ ದಾಳಿ ನಡೆದಿದೆ. ಒಲೆ ಹಚ್ಚೋಕೂ ಜೀವ ಪಣಕ್ಕಿಡಬೇಕಾ? ಓದಿ ಹೊಟ್ಟೆ ಉರಿಯಿತು.

ನೆರವು ಶಿಬಿರಗಳಿಗೆ ಸ್ಫಿಯರ್ ಅನ್ನೋ ಮಾನದಂಡಗಳಿವೆ. 20 ಜನಕ್ಕೆ ಒಂದಾದರೂ ಶೌಚಾಲಯ ಬೇಕು. ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು. ಒಳಗಿನಿಂದ ಚಿಲಕ, ಸುತ್ತ ಬೆಳಕು. ನಮ್ಮ ಹರಿಹರದಲ್ಲಿ ತುಂಗಭದ್ರೆ ಉಕ್ಕಿ, ತಗ್ಗಿನ ಮನೆಯವರು ಕಾಳಜಿ ಕೇಂದ್ರಕ್ಕೆ ಬಂದಾಗಲೂ ಮೊದಲು ನೋಡಬೇಕಾದ್ದು ಆ ಚಿಲಕವನ್ನೇ.

ಸಂಶೋಧನೆಗೂ ಕಟ್ಟುಪಾಡಿದೆ. ನೊಂದವರಿಗೆ ಚಿಕಿತ್ಸೆ, ಆಸರೆ ಅಲ್ಲೇ ಸಿಗುವಂತಿಲ್ಲದಿದ್ದರೆ ಅವರ ನೋವು ಕೆದಕಲು ಹೋಗಲೇಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಎಷ್ಟು ಸರಿ ಅಲ್ವಾ? ನಾವು ಸುಮ್ನೆ ಫಾರ್ಮ್ ತುಂಬಿಸಿಕೊಂಡು ಎದ್ದು ಬಂದರೆ, ಮಾತಾಡಿದ್ದಕ್ಕೇ ಅವಳಿಗೆ ಮನೆಯಲ್ಲಿ ಇನ್ನೂ ಜಾಸ್ತಿ ಏಟು ಬೀಳಬಹುದು. ಹಾಗಾಗಿ ಮೊದಲು ನೊಂದ ಹೆಣ್ಣುಮಕ್ಕಳಿಗೆ ನೆರವು ಕೊಡೋ ಸರ್ಕಾರಿ ಸಖಿ ಕೇಂದ್ರದವರ ಜೊತೆ ಮಾತು, ಆಮೇಲೆ ನನ್ನ ಪ್ರಶ್ನೆಗಳು.

ಗೆಳತಿಯರೇ, ಮಹಿಳಾ ಸಹಾಯವಾಣಿ 181. ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.