ಭಾರದ ಎಸ್‌ಯುವಿಗೆ ಸ್ಟ್ರಟ್ ಬಾರ್ ಹಾಕಿಸಬೇಕಾ?

ಫಾರ್ಚುನರ್, ಸ್ಕಾರ್ಪಿಯೊ-ಎನ್, ಹ್ಯಾರಿಯರ್, ಎಕ್ಸ್‌ಯುವಿ700 ಇಟ್ಟುಕೊಂಡ ಗೆಳೆಯರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಚಾಸಿಸ್‌ಗೆ ಸ್ಟ್ರಟ್ ಬಾರ್‌ನಂಥ ಬ್ರೇಸ್ (ಗಟ್ಟಿ ಮಾಡುವ ಅಡ್ಡ ಸರಳು) ಹಾಕಿಸಿದರೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ ಆಗುತ್ತದಾ? ಆಗುವುದಿಲ್ಲ. ಲ್ಯಾಡರ್ ಫ್ರೇಮ್ (ಏಣಿಯಂಥ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ) ಗಾಡಿಯ ಬಾನೆಟ್ ಒಳಗೆ ಬಾರ್ ಹಾಕಿಸಿದರೆ ದುಡ್ಡು ದಂಡ. ಮೋನೊಕಾಕ್ (ಬಾಡಿ, ಫ್ರೇಮ್ ಎರಡೂ ಒಂದೇ ಆಗಿರುವ) ಗಾಡಿಯಲ್ಲಿ ಸ್ವಲ್ಪ ಪ್ರಯೋಜನ ಇದೆ, ಆದರೆ ಬೇರೆ ಎಲ್ಲ ಕೆಲಸ ಮುಗಿದ ಮೇಲೆ ಕೊನೆಗೆ ಯೋಚಿಸಬೇಕಾದದ್ದು ಅದು. ಯಾಕೆ ಅಂತ ಹೇಳುತ್ತೇನೆ.

ಬಾನೆಟ್ ಎತ್ತಿ ನೋಡಿ. ಮೋನೊಕಾಕ್ ಗಾಡಿಯಾದರೆ ಎಡಕ್ಕೊಂದು ಬಲಕ್ಕೊಂದು ಗುಂಡನೆಯ ಟವರ್ ಕಾಣುತ್ತದೆ. ಮುಂದಿನ ಶಾಕ್ ಅಬ್ಸಾರ್ಬರ್‌ನ ತಲೆ ಬಂದು ಕೂರುವ ಜಾಗ ಅದು. ಆ ಎರಡು ಟವರ್‌ಗಳನ್ನು ಅಡ್ಡಡ್ಡ ಜೋಡಿಸುವ ಕೊಳವೆಯೇ ಸ್ಟ್ರಟ್ ಬಾರ್. ಗಾಡಿಯ ಅಡಿಯಲ್ಲಿ ಎಡ ಬಲದ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬೋಲ್ಟ್‌ಗಳ ನಡುವೆ ಬರುವುದು ಲೋಯರ್ ಬ್ರೇಸ್. ಹಿಂದಕ್ಕೆ, ನಡುವಿಗೆ ಅಂತ ಇನ್ನೂ ಬೇರೆ ಬೇರೆ ಇವೆ. ಮಲೇಷ್ಯಾದ ಅಲ್ಟ್ರಾ ರೇಸಿಂಗ್, ಜಪಾನಿನ ಕುಸ್ಕೊ ಮುಂತಾದ ಕಂಪನಿಗಳು ಇವನ್ನೇ ಮಾಡಿ ಹೆಸರು ಗಳಿಸಿವೆ. ಒಳ್ಳೆಯ ಸಾಮಾನು, ಅದರಲ್ಲಿ ಅನುಮಾನ ಇಲ್ಲ. ನಮ್ಮ ಗಾಡಿಯಲ್ಲಿ ಅದಕ್ಕೆ ಮಾಡಲು ಕೆಲಸ ಇದೆಯಾ ಅನ್ನುವುದನ್ನು ನೋಡಬೇಕು.

ಹ್ಯಾರಿಯರ್, ಎಕ್ಸ್‌ಯುವಿ700 ಎರಡೂ ಮೋನೊಕಾಕ್, ಎರಡಕ್ಕೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಟ್ರಟ್ ಅಂದರೆ ಶಾಕ್, ಸ್ಪ್ರಿಂಗ್ ಎರಡೂ ಸೇರಿದ ಕಂಬ; ಈ ವ್ಯವಸ್ಥೆಯಲ್ಲಿ ಚಕ್ರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಕೆಲಸವನ್ನೂ ಸ್ಟ್ರಟ್ಟೇ ಮಾಡುತ್ತದೆ. ತಿರುವಿನಲ್ಲಿ ಟಯರ್ ಮೇಲೆ ಪಕ್ಕದಿಂದ ಬೀಳುವ ಒತ್ತಡದಲ್ಲಿ ಒಂದು ಪಾಲು ನೇರ ಆ ಟವರ್‌ನ ತುದಿಗೆ ಹೋಗುತ್ತದೆ, ಟವರ್ ಕೂದಲೆಳೆಯಷ್ಟು ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಬಾರ್ ಹಾಕಿದರೆ ಒಂದು ಟವರ್‌ಗೆ ಇನ್ನೊಂದರ ಬಲ ಸಿಗುತ್ತದೆ. ಇಲ್ಲಿ ಬಾರ್‌ಗೆ ಕೆಲಸ ಇದೆ.

ಫಾರ್ಚುನರ್, ಸ್ಕಾರ್ಪಿಯೊ-ಎನ್ ಕಥೆ ಬೇರೆ. ಎರಡೂ ಲ್ಯಾಡರ್ ಫ್ರೇಮ್, ಎರಡಕ್ಕೂ ಮುಂದೆ ಡಬಲ್ ವಿಶ್‌ಬೋನ್. ಮೇಲಿನ ಆರ್ಮ್, ಕೆಳಗಿನ ಆರ್ಮ್, ಶಾಕ್‌ನ ತಲೆ ಎಲ್ಲವೂ ಫ್ರೇಮ್ ಮೇಲೇ ಕೂತಿರುತ್ತವೆ. ಬಾಡಿ ಆ ಫ್ರೇಮಿನ ಮೇಲೆ ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುವ ಬೇರೆಯೇ ವಸ್ತು. ಬಾನೆಟ್ ಒಳಗೆ ಪಕ್ಕದಲ್ಲಿ ಕಾಣುವ ತಗಡು ಬಾಡಿಗೆ ಸೇರಿದ್ದು, ಚಕ್ರದ ಒತ್ತಡ ಅಲ್ಲಿಗೆ ನೇರವಾಗಿ ಬರುವುದೇ ಇಲ್ಲ. ಎಡದ ತಗಡಿಗೂ ಬಲದ ತಗಡಿಗೂ ಒಂದು ಚೆಂದದ ಬಾರ್ ಹಾಕಿದರೆ ಎರಡು ತಗಡು ಗಟ್ಟಿ ಆಗುತ್ತವೆ, ಸಸ್ಪೆನ್ಷನ್‌ಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಇಷ್ಟು ಗೊತ್ತಿದ್ದೂ ಫಾರ್ಚುನರ್‌ಗೆ ಸ್ಟ್ರಟ್ ಬಾರ್ ಮಾರುವವರನ್ನು ಕಂಡರೆ ನನಗೆ ನಿಜವಾಗಿ ಬೇಜಾರಾಗುತ್ತದೆ, ಯಾಕಂದರೆ ಅದೇ ದುಡ್ಡಿಗೆ ಒಂದು ಸೆಟ್ ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ತುಂಡುಗಳು) ಬಂದುಬಿಡಬಹುದು.

ಬುಷ್ ವಿಷಯ ಬಂತಲ್ಲ, ಹಾಸನದ ನನ್ನ ಗೆಳೆಯನೊಬ್ಬನ ಹಳೆಯ ಲ್ಯಾಡರ್ ಫ್ರೇಮ್ ಗಾಡಿ ಶಿರಾಡಿ ಇಳಿಯುವಾಗ ಮೇಲಿನ ಬಾಡಿ ಒಂದು ಕ್ಷಣ ತಡವಾಗಿ ತಿರುಗಿದ ಹಾಗೆ ಅನ್ನಿಸುತ್ತಿತ್ತು. ಅವನಿಗೆ ಫ್ರೇಮೇ ಬಾಗುತ್ತಿದೆ ಅನ್ನುವ ಭಯ. ಅಡಿಗೆ ಹೋಗಿ ನೋಡಿದರೆ ಬಾಡಿ ಮೌಂಟ್‌ಗಳ ರಬ್ಬರ್ ಒಣಗಿ ಬಿರುಕು ಬಿಟ್ಟು ಚಪ್ಪಟೆ ಆಗಿತ್ತು. ಅವನ್ನು ಬದಲಾಯಿಸಿ, ಲೋಯರ್ ಆರ್ಮ್ ಬುಷ್‌ಗಳನ್ನೂ ಹೊಸದು ಹಾಕಿಸಿದ ಮೇಲೆ ಗಾಡಿ ಸ್ಟೇರಿಂಗ್ ಜೊತೆಗೇ ತಿರುಗಲು ಶುರು ಮಾಡಿತು. ಬ್ರೇಸ್ ಬಗ್ಗೆ ಅವನು ಆಮೇಲೆ ಮಾತೇ ಎತ್ತಲಿಲ್ಲ.

ಈಗ ವಾಲುವ ವಿಷಯಕ್ಕೆ ಬರೋಣ, ಜನರಿಗೆ ಗೊಂದಲ ಇರುವುದೇ ಇಲ್ಲಿ. ಗಾಡಿ ವಾಲುವುದು ಬಾಡಿ ತಿರುಚಿಕೊಳ್ಳುವುದರಿಂದ ಅಲ್ಲ. ಹೊರಗಿನ ಚಕ್ರಗಳ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಒಳಗಿನದು ಬಿಚ್ಚಿಕೊಳ್ಳುತ್ತದೆ, ಅಷ್ಟೇ. ಒಂದು ಅಂದಾಜಿನ ಲೆಕ್ಕ ಹಾಕಿ ನೋಡಿ. ಗಾಡಿಯ ತೂಕ 1,700 ಕೆಜಿ ಅಂತ ಇಟ್ಟುಕೊಳ್ಳಿ. ಜೋರಾಗಿ ತಿರುಗಿಸಿದಾಗ ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುತ್ತದೆ ಅನ್ನೋಣ, ಅಂದರೆ ಸುಮಾರು 8,300 ನ್ಯೂಟನ್. ವಾಲುವ ಅಕ್ಷದಿಂದ ಭಾರದ ಕೇಂದ್ರ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಎತ್ತರದಲ್ಲಿದ್ದರೆ ವಾಲಿಸುವ ತಿರುಗುಬಲ (ಟಾರ್ಕ್) 4,500 ನ್ಯೂಟನ್ ಮೀಟರ್ ಹತ್ತಿರ ಬರುತ್ತದೆ. ಸ್ಪ್ರಿಂಗು, ಆ್ಯಂಟಿ-ರೋಲ್ ಬಾರ್ (ಎಡ ಬಲದ ಸಸ್ಪೆನ್ಷನ್ ಜೋಡಿಸಿ ವಾಲುವುದನ್ನು ತಡೆಯುವ ಸರಳು) ಎಲ್ಲ ಸೇರಿ ಒಂದು ಡಿಗ್ರಿಗೆ 1,500 ನ್ಯೂಟನ್ ಮೀಟರ್ ತಡೆಯುತ್ತವೆ ಅಂದರೆ ಗಾಡಿ ವಾಲುವುದು 3 ಡಿಗ್ರಿ. ಇದು ಕಿಟಕಿಯಿಂದ ನೋಡಿದರೇ ಗೊತ್ತಾಗುತ್ತದೆ. ಬಾಡಿಯ ಗಟ್ಟಿತನ ಡಿಗ್ರಿಗೆ 20,000 ಅಂತ ಹಿಡಿಯಿರಿ, ಅದನ್ನು ತಿರುಚಲು 1,000 ನ್ಯೂಟನ್ ಮೀಟರ್ ಬಿದ್ದರೂ ಬಾಡಿ ತಿರುಚಿಕೊಳ್ಳುವುದು 0.05 ಡಿಗ್ರಿ. ಬ್ರೇಸ್ ಅದನ್ನು ಶೇಕಡಾ 10ರಷ್ಟು ಗಟ್ಟಿ ಮಾಡಿತು ಅಂತಲೇ ಇಟ್ಟುಕೊಂಡರೂ 3 ಡಿಗ್ರಿ ವಾಲುವುದು 3 ಡಿಗ್ರಿಯೇ ಇರುತ್ತದೆ, ಅಲ್ವಾ?

ಹಾಗಾದರೆ ಬಾರ್ ಹಾಕಿಸಿದವರು ಸ್ಟೇರಿಂಗ್ ಚುರುಕಾಯಿತು ಅನ್ನುವುದು ಸುಳ್ಳಾ? ಸುಳ್ಳು ಅಂತ ನಾನು ಹೇಳುವುದಿಲ್ಲ. ಇಡೀ ಬಾಡಿಯ ಲೆಕ್ಕದಲ್ಲಿ ಟವರ್ ತುದಿಯ ಸಣ್ಣ ಅಲುಗಾಟ ಸಿಗುವುದಿಲ್ಲ. ಆ ಜಾಗ ಗಟ್ಟಿಯಾದರೆ ಸ್ಟೇರಿಂಗ್ ತಿರುಗಿಸಿದ ಮೊದಲ ಕ್ಷಣದಲ್ಲಿ ಮೂತಿ ಬೇಗ ಮಾತು ಕೇಳುತ್ತದೆ. ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಮೋನೊಕಾಕ್ ಗಾಡಿ ಓಡಿಸುವವರಿಗೆ ಇದು ಅನುಭವಕ್ಕೆ ಬರಬಹುದು. ಆದರೆ ಒಂದು ಗಮನಿಸಿ. ಬಾರ್ ಹಾಕುವ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿ, ಟಯರ್ ಗಾಳಿ ಸರಿ ಮಾಡಿ ಕೊಟ್ಟಿರುತ್ತಾರೆ. ಆಮೇಲೆ ಯಾವುದರಿಂದ ಏನು ಬದಲಾಯಿತು ಅಂತ ಹೇಳುವುದು ಕಷ್ಟ. ಬಿಎಂಡಬ್ಲ್ಯು ತನ್ನ ‘ಎಂ’ ಹೆಸರಿನ ಜೋರು ಓಟದ ಗಾಡಿಗಳಿಗೆ ಕಾರ್ಖಾನೆಯಲ್ಲೇ ಇಂಥ ಬ್ರೇಸ್ ಕೊಡುತ್ತದಲ್ಲ ಅಂತ ಕೇಳುವವರಿದ್ದಾರೆ. ಕೊಡುತ್ತದೆ, ಜೊತೆಗೆ ಗಟ್ಟಿ ಸ್ಪ್ರಿಂಗು, ಅಗಲದ ಟಯರು, ಅದಕ್ಕೆ ತಕ್ಕ ಬುಷ್ಷು ಎಲ್ಲ ಕೊಟ್ಟಿರುತ್ತದೆ. ಅಷ್ಟು ಹಿಡಿತ ಇರುವ ಟಯರ್ ಬಾಡಿಯನ್ನು ನಿಜವಾಗಿ ಎಳೆಯುತ್ತದೆ.

ನನಗೆ ಹೆಚ್ಚು ನಂಬಿಕೆ ಇರುವುದು ಲೋಯರ್ ಬ್ರೇಸ್ ಮೇಲೆ. ಪಕ್ಕದ ಒತ್ತಡದ ದೊಡ್ಡ ಪಾಲು ಹೊರುವುದು ಲೋಯರ್ ಆರ್ಮ್, ಅದರ ಬುಡ ಅಲುಗದ ಹಾಗೆ ಹಿಡಿದರೆ ಫಲ ಇದೆ. ಹಿಂದೆ ದೊಡ್ಡ ಡಿಕ್ಕಿ ಬಾಗಿಲು, ಮೇಲೆ ಉದ್ದದ ಸನ್‌ರೂಫ್ ಇರುವ ಗಾಡಿ ಮುಚ್ಚಳ ತೆಗೆದ ಚಪ್ಪಲಿ ಡಬ್ಬದ ಹಾಗೆ, ತಿರುಚಲು ಸ್ವಲ್ಪ ಸಲೀಸು. ಕಂಪನಿಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಟ್ಟಿರುತ್ತಾರೆ, ಆದರೆ ಓಡಿ ಓಡಿ ಹಳೆಯದಾದ ಗಾಡಿಯಲ್ಲಿ ಡಿಕ್ಕಿ ಕಡೆಯಿಂದ ಕಿರಕಿರ ಸದ್ದು ಬರುತ್ತಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಹಿಂದಿನ ಚಕ್ರವನ್ನು ಎತ್ತರದ ಕಟ್ಟೆಯ ಮೇಲೆ ಹತ್ತಿಸಿ ನಿಲ್ಲಿಸಿ, ಎಲ್ಲ ಬಾಗಿಲು, ಡಿಕ್ಕಿ ತೆರೆದು ಮುಚ್ಚಿ ನೋಡಿ. ಸಮತಟ್ಟು ಜಾಗದಲ್ಲಿ ಮುಚ್ಚಿದಷ್ಟೇ ಸಲೀಸಾಗಿ ಮುಚ್ಚಿಕೊಂಡರೆ ಬಾಡಿ ಚೆನ್ನಾಗಿದೆ, ಸದ್ದು ಪ್ಲಾಸ್ಟಿಕ್‌ನದ್ದೋ ರಬ್ಬರ್ ಬೀಡಿಂಗ್‌ನದ್ದೋ ಇರುತ್ತದೆ. ಬಿಗಿಯಾದರೆ ಮೊದಲು ಹಳೆಯ ಆ್ಯಕ್ಸಿಡೆಂಟ್ ರಿಪೇರಿ, ತುಕ್ಕು, ಬಿಟ್ಟ ವೆಲ್ಡ್ ಏನಾದರೂ ಇದೆಯಾ ನೋಡಿಸಿ. ವೆಲ್ಡ್ ಬಿಟ್ಟಿರುವ ಕಡೆ ಬ್ರೇಸ್ ಹಾಕಿ ಮುಚ್ಚುವುದು ಅಪಾಯ.

ದುಡ್ಡು ಎಲ್ಲಿ ಹಾಕಬೇಕು ಅಂದರೆ ಮೊದಲು ಟಯರ್. ಡಾಂಬರು ರಸ್ತೆಯಲ್ಲೇ ಓಡಾಡುವವರು ಸುಮ್ನೆ ಚೆಂದಕ್ಕೆ ಆಲ್ ಟೆರೇನ್ ಟಯರ್ ಹಾಕಿಸಿ, ಆಮೇಲೆ ಸ್ಟೇರಿಂಗ್ ಸಡಿಲ ಅನ್ನುತ್ತಾರೆ. ಟಯರ್ ಮೇಲ್ಮೈಯ ದಪ್ಪ ರಬ್ಬರ್ ಗುಬುಟುಗಳೇ ಅಲ್ಲಿ ಬಾಗುತ್ತಿರುತ್ತವೆ. ಆಮೇಲೆ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್. ಎಣ್ಣೆ ಸೋರುವ ಶಾಕ್ ಇಟ್ಟುಕೊಂಡು ಬ್ರೇಸ್ ಹಾಕಿಸಿದರೆ ಏನೂ ಉಪಯೋಗ ಇಲ್ಲ. ಇಷ್ಟಾದರೂ ವಾಲುವುದು ಜಾಸ್ತಿ ಅನ್ನಿಸಿದರೆ ಸ್ವಲ್ಪ ದಪ್ಪದ ಆ್ಯಂಟಿ-ರೋಲ್ ಬಾರ್ ಬಗ್ಗೆ ಯೋಚಿಸಿ, ಸರಳಿನ ದಪ್ಪ ಸ್ವಲ್ಪ ಹೆಚ್ಚಿದರೂ ಅದರ ಬಲ ಬಹಳ ಹೆಚ್ಚುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನುವ ಸಮತೋಲ ಗೊತ್ತಿದ್ದವರಿಂದಲೇ ಮಾಡಿಸಬೇಕು, ಇಲ್ಲದಿದ್ದರೆ ಮಳೆಯಲ್ಲಿ ಹಿಂಭಾಗ ಜಾರಬಹುದು.

ಅಪಾಯದ ಬಗ್ಗೆಯೂ ಹೇಳಬೇಕು. ಬಾನೆಟ್ ಮತ್ತು ಎಂಜಿನ್ ನಡುವಿನ ಖಾಲಿ ಜಾಗ ಸುಮ್ಮನೆ ಬಿಟ್ಟಿದ್ದಲ್ಲ. ಪಾದಚಾರಿಯ ತಲೆ ಬಾನೆಟ್‌ಗೆ ಬಡಿದರೆ ತಗಡು ಕುಸಿಯಲು ಅಷ್ಟು ಜಾಗ ಬೇಕು. ಗಟ್ಟಿ ಬಾರ್ ಅಲ್ಲಿ ಬಾನೆಟ್‌ಗೆ ತಾಗುವಷ್ಟು ಹತ್ತಿರ ಕೂತರೆ ಬಡಿತ ನೇರ ಬಾರ್ ಮೇಲೆ. ಒಂದು ಕಡೆ ಗುದ್ದಿದಾಗ ಬಾರ್ ಆ ಪೆಟ್ಟನ್ನು ಇನ್ನೊಂದು ಟವರ್‌ಗೂ ದಾಟಿಸಬಹುದು, ರಿಪೇರಿ ಬಿಲ್ ದೊಡ್ಡದಾಗುತ್ತದೆ. ವಾರಂಟಿ, ಇನ್ಶೂರೆನ್ಸ್ ಎರಡೂ ಕಡೆ ಮೊದಲೇ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ಇಷ್ಟೆಲ್ಲ ನೋಡಿಯೂ ಮೋನೊಕಾಕ್ ಗಾಡಿಗೆ ಹಾಕಿಸುತ್ತೀರಿ ಅಂದರೆ ಆರಿಸುವಾಗ ಕೊಳವೆ ಆದಷ್ಟು ನೇರ ಇರಲಿ. ಎಂಜಿನ್ ಕವರ್ ತಪ್ಪಿಸಲು ಬಿಲ್ಲಿನ ಹಾಗೆ ಬಗ್ಗಿಸಿದ ಬಾರ್ ಒತ್ತಡ ಬಿದ್ದಾಗ ಇನ್ನಷ್ಟು ಬಗ್ಗುತ್ತದೆ. ಟವರ್ ಮೇಲಿನ ನಟ್ ತೆಗೆದು ಬಾರ್‌ನ ಪ್ಲೇಟ್ ಕೂರಿಸಿದ ಮೇಲೆ ನಟ್ ಪೂರ್ತಿ ಕೂರುವಷ್ಟು ಥ್ರೆಡ್ ಉಳಿದಿದೆಯಾ ಅಂತ ನೋಡಿ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ ಬಿಗಿಸಲು ಬಿಡಬೇಡಿ, ಸಮತಟ್ಟು ನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ಭಾರ ಇದ್ದಾಗ ಟಾರ್ಕ್ ವ್ರೆಂಚ್‌ನಲ್ಲಿ (ಬಿಗಿ ಎಷ್ಟು ಅಂತ ಅಳೆಯುವ ಪಾನ) ಬಿಗಿಸಬೇಕು. ಅಲೈನ್‌ಮೆಂಟ್ ಅದಾದ ಮೇಲೆ, ಮತ್ತೆ ಕೆಲವು ನೂರು ಕಿಲೋಮೀಟರ್ ಓಡಿಸಿ ಅದೇ ಬೋಲ್ಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ನೋಡಿಸಿ.