ಯಾವ ದಿನದ ಕಾರು?

"ಮೋಲ್ಸೈಮ್ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ, ಹಾಗೆಯೇ ಮಾಡಿಕೊಡಿ" ಎಂದರು ಮಾಲೀಕರು. ಹಿರಿಯ ಕುಶಲಕರ್ಮಿ ಕೈಗೆ ಮೆತ್ತಿದ್ದ ಗ್ರೀಸ್ ಒರೆಸಿಕೊಂಡು, "ಹಾಗಾದರೆ ಆಮೇಲಿನ ನೂರು ವರ್ಷವನ್ನು ನಾನು ಏನು ಮಾಡಲಿ?" ಎಂದು ಕೇಳಿದರು. ಮೋಲ್ಸೈಮ್ ಇರುವ ಫ್ರಾನ್ಸಿನ ಗಡಿಪ್ರಾಂತ್ಯ ಆಲ್ಸೇಸ್‌ನ ದುರಸ್ತಿ ಕಾರ್ಯಾಗಾರವೊಂದರಲ್ಲಿ ಈ ವಾರ ಕೇಳಿದ ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಅವರ ಮುಂದಿದ್ದದ್ದು ಬಿಚ್ಚಿಟ್ಟ ಬುಗಾಟಿ ಬ್ರೆಶಿಯಾ ಎಂಬ ಹಳೆಯ ರೇಸ್ ಕಾರು. ಎಟ್ಟೋರೆ ಬುಗಾಟಿ 1910ರಲ್ಲಿ ಈ ವಂಶದ ಮೂಲವಾದ ಟೈಪ್ 13 ಕಾರನ್ನು ತಯಾರಿಸತೊಡಗಿದಾಗ ಮೋಲ್ಸೈಮ್ ಜರ್ಮನಿಗೆ ಸೇರಿತ್ತು. ಮಹಾಯುದ್ಧ ಬಂದಾಗ ಅವರು ಮೂರು ಕಾರುಗಳ ಬಿಡಿಭಾಗಗಳನ್ನು ಕಾರ್ಖಾನೆಯ ಸಮೀಪ ಹೂತಿಟ್ಟು ಮಿಲಾನ್‌ಗೆ ಹೊರಟುಹೋದರು. ಯುದ್ಧ ಮುಗಿದು ಊರು ಫ್ರಾನ್ಸಿನ ಪಾಲಾದ ಮೇಲೆ ಮರಳಿ ಬಂದು ಕೆಲಸವನ್ನು ಮುಂದುವರಿಸಿದರು. 1921ರಲ್ಲಿ ಇಟಲಿಯ ಬ್ರೆಶಿಯಾದಲ್ಲಿ ನಡೆದ ಪಂದ್ಯದಲ್ಲಿ ಮೊದಲ ನಾಲ್ಕೂ ಸ್ಥಾನಗಳು ಈ ಪುಟ್ಟ ಕಾರುಗಳಿಗೇ ದಕ್ಕಿದವು, ಆ ಊರಿನ ಹೆಸರೇ ಕಾರಿಗೂ ನಿಂತಿತು. ಎಂಜಿನ್ ಒಂದೂವರೆ ಲೀಟರ್‌ನೊಳಗಿನದು, ಸಿಲಿಂಡರ್ ನಾಲ್ಕು, ವಾಲ್ವ್ ಹದಿನಾರು.

ಆ ಎಂಜಿನ್ನಿನ ಟ್ಯಾಪೆಟ್ ಒಂದನ್ನು, ಅಂದರೆ ವಾಲ್ವನ್ನು ಒತ್ತಿ ತೆರೆಯುವ ಪುಟ್ಟ ಲೋಹದ ತುಂಡನ್ನು, ಕುಶಲಕರ್ಮಿ ನನ್ನ ಅಂಗೈಯಲ್ಲಿಟ್ಟರು. ಮೇಲೆ ತಿರುಗುವ ದಂಡವಾದ ಕ್ಯಾಮ್‌ಶಾಫ್ಟ್‌ನ ಒತ್ತಡವನ್ನು ಪಕ್ಕದಲ್ಲಿ ನೆಟ್ಟಗೆ ನಿಂತ ವಾಲ್ವ್‌ಗೆ ಮುಟ್ಟಿಸಬೇಕಾದ್ದರಿಂದ ಅದು ಬಾಳೆಹಣ್ಣಿನಂತೆ ಬಾಗಿದೆ. ಬಾಗಿದ ಹಾದಿಯಲ್ಲೇ ಜಾರಬೇಕಾದ್ದರಿಂದ ಅದನ್ನು ಹೊಸದಾಗಿ ಮಾಡುವುದು ಸುಲಭವಲ್ಲ. ಒಂದು ಬದಿ ಕನ್ನಡಿಯಷ್ಟು ನುಣುಪಾಗಿತ್ತು, ಇನ್ನೊಂದು ಬದಿಯಲ್ಲಿ ಅರದ ಗೀರುಗಳು ಹಾಗೆಯೇ ಉಳಿದಿದ್ದವು. ಇದು ಕಾರ್ಖಾನೆಯದಲ್ಲ, ನಂತರ ಯಾರೋ ಕೈಯಿಂದ ಅರದಲ್ಲಿ ಉಜ್ಜಿ ಕೂರಿಸಿದ್ದು ಎಂದರು. ಯಂತ್ರವನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಯಾರೋ ಒಬ್ಬರ ಶ್ರಮ ಆ ಗೀರುಗಳಲ್ಲಿತ್ತು.

ನಿಜವಾದ ತಕರಾರು ಬಂದದ್ದು ಮುಂದಿನ ಚಕ್ರಗಳ ಬ್ರೇಕಿನ ವಿಷಯದಲ್ಲಿ. ಆ ಕಾಲದ ಬ್ರೆಶಿಯಾಗಳಿಗೆ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕ್ ಇರುತ್ತಿತ್ತು. ಈ ಕಾರಿಗೆ ಹಿಂದಿನ ಮಾಲೀಕರೊಬ್ಬರು ಮುಂದಕ್ಕೂ ಹಾಕಿಸಿದ್ದರು. ಅದನ್ನು ಕಿತ್ತುಹಾಕಬೇಕೆಂಬುದು ಈಗಿನ ಮಾಲೀಕರ ಹಟ. ಅವರು ಕೆಟ್ಟವರಲ್ಲ, ಕಾರಿನ ಮೇಲೆ ಅವರಿಗಿರುವ ಪ್ರೀತಿ ಅಪ್ಪಟವಾದದ್ದು. ಆದರೆ ಆ ಪ್ರೀತಿ ಒಂದೇ ದಿನಕ್ಕೆ ಅಂಟಿಕೊಂಡಿದೆ, ಆ ದಿನದ ನಂತರ ಇದನ್ನು ಓಡಿಸಿದವರೆಲ್ಲ ಅವರ ಕಣ್ಣಿಗೆ ಕಾರು ಕೆಡಿಸಿದವರಾಗಿಯೇ ಕಾಣುತ್ತಾರೆ. ನನಗೆ ಇದು ಅನ್ಯಾಯವೆನಿಸುತ್ತದೆ. ಇಂಥ ಕಾರಿಗೆ ಬೆಲೆಯೇ ಇಲ್ಲದಿದ್ದ ಕಾಲದಲ್ಲಿ ಅದನ್ನು ಗುಜರಿಗೆ ಹಾಕದೆ ಉಳಿಸಿದವರು ಅವರೇ ಅಲ್ಲವೇ?

"ಆಮೇಲಿನ ನೂರು ವರ್ಷವನ್ನು ಏನು ಮಾಡಲಿ?" ಎಂಬ ಪ್ರಶ್ನೆಗೆ ಮತ್ತೊಂದು ಬ್ರೆಶಿಯಾ ಬೇರೆಯೇ ಉತ್ತರ ಕೊಟ್ಟಿದೆ. ಸ್ವಿಟ್ಜರ್ಲೆಂಡಿನ ಆಸ್ಕೋನಾದ ಬಳಿ ಮಜ್ಜೋರೆ ಸರೋವರದಲ್ಲಿ, ಸುಂಕದ ಅಧಿಕಾರಿಗಳು ಮುಳುಗಿಸಿದರೆನ್ನಲಾದ ಅದೇ ವಂಶದ 1925ರ ಟೈಪ್ 22 ದಶಕಗಳ ಕಾಲ ಸುಮಾರು 50 ಮೀಟರ್ ಆಳದಲ್ಲಿ ಬಿದ್ದಿತ್ತು. 2009ರಲ್ಲಿ ಅದನ್ನು ಮೇಲೆತ್ತಿ, ಮರುವರ್ಷ ಪ್ಯಾರಿಸ್‌ನಲ್ಲಿ ಹರಾಜು ಹಾಕಿದರು. ಕೊಂಡ ಅಮೆರಿಕದ ಸಂಗ್ರಾಹಕ ಪೀಟರ್ ಮುಲ್ಲಿನ್ ಅದನ್ನು ದುರಸ್ತಿ ಮಾಡಿಸದೆ, ತುಕ್ಕು ತಿಂದ ಸ್ಥಿತಿಯಲ್ಲೇ ತಮ್ಮ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಹೊಳೆಯುವಂತೆ ಮಾಡಿದ್ದರೆ ಅಲ್ಲಿ ಉಳಿಯುತ್ತಿದ್ದುದು ಹೊಸ ತಗಡು ಮಾತ್ರ, ಹಾಗಾಗಿ ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ.

ಓಡಬೇಕಾದ ಕಾರಿಗೆ ಆ ದಾರಿ ಹೊಂದುವುದಿಲ್ಲ ಎಂಬುದೂ ನಿಜ. ಕನೆಕ್ಟಿಂಗ್ ರಾಡ್‌ಗಳ ಬೇರಿಂಗ್‌ಗೆ ಬಿಳಿ ಲೋಹವೆಂಬ ಮೆದು ಮಿಶ್ರಲೋಹವನ್ನು ಹೊಸದಾಗಿ ಎರೆಯಲೇಬೇಕು, ಬಿರುಕು ಬಿಟ್ಟದ್ದನ್ನು ಬದಲಿಸಲೇಬೇಕು. ಆದರೆ ಹಳೆಯ ಭಾಗಕ್ಕೆ ಚೀಟಿ ಕಟ್ಟಿ ಕಾರಿನ ಜೊತೆಗೇ ಇಡಬೇಕೆಂಬ ಷರತ್ತನ್ನು ಕುಶಲಕರ್ಮಿ ಮುಂದಿಟ್ಟರು, ಮಾಲೀಕರು ಅರೆಮನಸ್ಸಿನಿಂದಲೇ ಒಪ್ಪಿದರು. ಮುಂದಿನ ಬ್ರೇಕ್ ಬಿಚ್ಚುವ ಮಾತು ಸದ್ಯಕ್ಕೆ ನಿಂತಿದೆ.