ಬುನ್ಯುಯೆಲ್ ಅವರ ಮೆಕ್ಸಿಕೋ ವರ್ಷಗಳು

ಸ್ಪೇನ್ ಮೂಲದ ಸಿನಿಮಾ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಅಂದಕೂಡಲೇ ಅವರ 1929ರ ಮೊದಲ ಚಿತ್ರ 'ಅನ್ ಶಿಯಾನ್ ಆಂದಲೂ'ವಿನ ಆ ಕಣ್ಣು ಕೊಯ್ಯುವ ದೃಶ್ಯದ ಮಾತು ಬರುತ್ತದೆ. ಅಲ್ಲಿಂದ ಸೀದಾ ಇಳಿವಯಸ್ಸಿನಲ್ಲಿ ಫ್ರಾನ್ಸ್‌ನಲ್ಲಿ ಮಾಡಿದ ಚಿತ್ರಗಳಿಗೆ ಹೋಗಿಬಿಡುತ್ತಾರೆ. ನಡುವೆ ಮೆಕ್ಸಿಕೋದಲ್ಲಿ ಸುಮಾರು 20 ಸಿನಿಮಾ ಮಾಡಿದ್ದಾರೆ. ಅದೆಲ್ಲ ಹೊಟ್ಟೆಪಾಡಿನ ಕೆಲಸ ಅನ್ನೋ ಮಾತು ಕೇಳಿದಾಗ ನನಗೆ ಬೇಜಾರಾಗುತ್ತದೆ. ನಾನು ಸೀರಿಯಲ್ ಎಡಿಟರ್. ಕಡಿಮೆ ದುಡ್ಡು, ಕಡಿಮೆ ದಿನದಲ್ಲಿ ಕೆಲಸ ಮುಗಿಸೋದು ಎಷ್ಟು ಕಷ್ಟ ಅಂತ ಗೊತ್ತು. ಅದಕ್ಕೇ ಆ ಚಿತ್ರಗಳ ಮೇಲೆ ಗೌರವ ಜಾಸ್ತಿ.

ಸ್ಪೇನ್‌ನ ಅಂತರ್ಯುದ್ಧದಲ್ಲಿ ಬುನ್ಯುಯೆಲ್ ರಿಪಬ್ಲಿಕ್ ಪರ, ಅಂದರೆ ಚುನಾಯಿತ ಸರ್ಕಾರದ ಪರ ಇದ್ದರು. 1939ರಲ್ಲಿ ಆ ಸರ್ಕಾರದ ವಿರುದ್ಧ ದಂಗೆಯೆದ್ದಿದ್ದ ಜನರಲ್ ಫ್ರಾಂಕೋ ಗೆದ್ದ ಮೇಲೆ ಊರಿಗೆ ದಾರಿ ಮುಚ್ಚಿತು. ಅಮೆರಿಕದಲ್ಲಿ ಸಿಕ್ಕಿದ್ದ ನ್ಯೂಯಾರ್ಕ್‌ನ ಮ್ಯೂಸಿಯಂ ಕೆಲಸವೂ 1943ರಲ್ಲಿ ಹೋಯಿತು. 1946ರಲ್ಲಿ ಮೆಕ್ಸಿಕೋಗೆ ಬಂದರು. ಅಲ್ಲಿನ ಮೊದಲ ಚಿತ್ರ, ದೊಡ್ಡ ಹಾಡುಗಾರರಿದ್ದ 'ಗ್ರಾನ್ ಕಸಿನೋ', ಓಡಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕೈಯಲ್ಲಿ ಕೆಲಸವಿಲ್ಲ. 1949ರ ಒಂದು ಕಾಮಿಡಿ ಗೆದ್ದ ಮೇಲೆಯೇ ನಿರ್ಮಾಪಕ ಆಸ್ಕರ್ ಡಾನ್ಸಿಗರ್ಸ್ ಮುಂದಿನ ಚಿತ್ರಕ್ಕೆ ಧೈರ್ಯ ಮಾಡಿದ್ದು.

ಅದೇ 1950ರ 'ಲೋಸ್ ಓಲ್ವಿದಾದೋಸ್'. ಮೆಕ್ಸಿಕೋ ಸಿಟಿಯ ಬೀದಿ ಹುಡುಗರ ಕತೆ. ಬುನ್ಯುಯೆಲ್ ಹಳೇ ಬಟ್ಟೆ ಹಾಕಿಕೊಂಡು ತಿಂಗಳುಗಟ್ಟಲೆ ಕೊಳೆಗೇರಿಗಳಲ್ಲಿ ಸುತ್ತಿದರು. ಶೂಟಿಂಗ್ ಮುಗಿದದ್ದು 21 ದಿನದಲ್ಲಿ. ಬೇಕಾದಷ್ಟನ್ನೇ ತೆಗೆಯುತ್ತಿದ್ದರು, ಎಡಿಟಿಂಗ್‌ಗೂ ಕೆಲವೇ ದಿನ ಸಾಕಾಗುತ್ತಿತ್ತು.

ಪೆದ್ರೋ ಅನ್ನೋ ಹುಡುಗ ಹಸಿದು ಮನೆಗೆ ಬರುತ್ತಾನೆ. ಅಮ್ಮ ಊಟ ಕೊಡಲ್ಲ. ಇದನ್ನು ನೋಡಿ ಸೆಟ್‌ನಲ್ಲಿದ್ದ ಹೇರ್‌ಡ್ರೆಸರ್, ಮೆಕ್ಸಿಕೋದ ಯಾವ ತಾಯಿಯೂ ಹೀಗೆ ಮಾಡಲ್ಲ ಅಂತ ಕೆಲಸವನ್ನೇ ಬಿಟ್ಟು ಹೋದರಂತೆ. ಆ ರಾತ್ರಿ ಪೆದ್ರೋಗೆ ಕನಸು ಬೀಳುತ್ತದೆ. ಅದೇ ಅಮ್ಮ ಸ್ಲೋ ಮೋಷನ್‌ನಲ್ಲಿ ತೇಲುತ್ತಾ ಬಂದು, ದೊಡ್ಡ ಹಸಿ ಮಾಂಸದ ತುಂಡು ಚಾಚುತ್ತಾಳೆ. ಇನ್ನೇನು ಕೈಗೆ ಸಿಗಬೇಕು, ಮಂಚದಡಿಯಿಂದ ಒಂದು ಕೈ ಮೇಲೆ ಬಂದು ಕಿತ್ತುಕೊಳ್ಳುತ್ತದೆ. ಅಮ್ಮ ಅಲ್ಲಿ ಊಟ ಕೊಟ್ಟಿದ್ದರೆ ಈ ಕನಸಿಗೆ ಇಷ್ಟು ಶಕ್ತಿ ಇರುತ್ತಿತ್ತಾ? ಪ್ಯಾರಿಸ್‌ನಲ್ಲಿ ಸರ್ರಿಯಲಿಸ್ಟ್ ಕಲಾವಿದರ ಜೊತೆ ಕಲಿತ ಕನಸಿನ ಭಾಷೆಗೆ ಮೆಕ್ಸಿಕೋದಲ್ಲಿ ನಿಜವಾದ ಹಸಿವು ಸಿಕ್ಕಿತು.

ಬಿಡುಗಡೆಯಾದಾಗ ದೇಶಕ್ಕೆ ಅವಮಾನ ಅಂತ ಗಲಾಟೆ. ಈ ಮನುಷ್ಯನನ್ನು ಗಡಿಪಾರು ಮಾಡಿ ಅಂತಲೂ ಕೂಗೆದ್ದಿತು. ಅಷ್ಟರಲ್ಲಾಗಲೇ ಅವರು ಮೆಕ್ಸಿಕೋದ ಪ್ರಜೆ! ಕೆಲವೇ ದಿನದಲ್ಲಿ ಚಿತ್ರ ಥಿಯೇಟರ್‌ನಿಂದ ಹೋಯಿತು. 1951ರಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಮೆಕ್ಸಿಕೋದ ಕವಿ ಆಕ್ಟೇವಿಯೋ ಪಾಜ್ ಚಿತ್ರದ ಪರವಾಗಿ ತಾವೇ ಬರೆದ ಲೇಖನವನ್ನು ಬಾಗಿಲಲ್ಲಿ ನಿಂತು ಹಂಚಿದರು. ಬುನ್ಯುಯೆಲ್‌ಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಆಮೇಲೆ ಅದೇ ಮೆಕ್ಸಿಕೋ ಸಿಟಿಯಲ್ಲಿ ಚಿತ್ರ ಮತ್ತೆ ಬಂದು ಚೆನ್ನಾಗಿ ಓಡಿತು.

ಸ್ಪೇನ್ 1961ರಲ್ಲಿ ಕರೆಸಿಕೊಂಡು 'ವಿರಿದಿಯಾನ' ಮಾಡಿಸಿತು, ಅದು ಕಾನ್‌ನಲ್ಲಿ ಗೆದ್ದ ಮೇಲೆ ನಿಷೇಧಿಸಿತು. ಅಲ್ಲಿನ ಜನ ನೋಡಿದ್ದು 1977ರಲ್ಲಿ, ಫ್ರಾಂಕೋ ಸತ್ತ ಮೇಲೆ. ಬುನ್ಯುಯೆಲ್ ಮಾತ್ರ 1983ರಲ್ಲಿ ತೀರಿಕೊಳ್ಳುವ ತನಕ ಮೆಕ್ಸಿಕೋ ಸಿಟಿಯಲ್ಲೇ ಮನೆ ಇಟ್ಟುಕೊಂಡಿದ್ದರು.

ಇವರನ್ನು ಈಗಷ್ಟೇ ನೋಡಲು ಶುರುಮಾಡುವವರಿಗೆ ನನ್ನ ಸಲಹೆ: ಪ್ಯಾರಿಸ್ ಚಿತ್ರಗಳು ಆಮೇಲಿರಲಿ, ಮೊದಲು 'ಲೋಸ್ ಓಲ್ವಿದಾದೋಸ್', ಅದಾದ ಮೇಲೆ 1953ರ 'ಎಲ್' ನೋಡಿ. ಎರಡೂ ಒಂದೂವರೆ ಗಂಟೆ ಆಸುಪಾಸಿನವು, ಒಂದು ಭಾನುವಾರ ಸಾಕು.